ಸಂಶೋಧನೆಯ ಸತ್ಯವೂ ಲೇಖನಗಳ ಲೆಕ್ಕವೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಿಗೆ ವಿಜ್ಞಾನದ ಗೊಡವೆ ಏಕೆಂದು ತಾವು ಕೇಳಬಹುದು. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಆಲಸನತ್ತಂ ಮೊದಲಾದ ನಮ್ಮ ಊರುಗಳಲ್ಲಿ ಕನ್ನಡದಲ್ಲಿ ಓದಿದ ಮಕ್ಕಳು ಅಲ್ಲಿಗೆ ಹೋಗಿ ಸಂಶೋಧಕರಾಗಬೇಕೆಂಬ ಆಸೆ ತಮಗೂ ಉಂಟು, ನನಗೂ ಉಂಟು. ಆದುದರಿಂದ ಅಲ್ಲಿ ನಡೆದ ಒಂದು ಸಂಗತಿಯನ್ನು ತಮ್ಮ ಮುಂದಿಡುತ್ತೇನೆ.

ಗ್ರಾಫೀನ್ ಎಂಬುದು ಇಂಗಾಲದ ಅತಿ ತೆಳುವಾದ ಪದರ. ಅದರಿಂದ ಅವಕೆಂಪು ಕಿರಣಗಳನ್ನು ಗುರುತಿಸುವ ಬಗೆಯನ್ನು ಕುರಿತು ಬೆಂಗಳೂರಿನ ವಿಜ್ಞಾನಿಗಳು ಬರೆದ ಪ್ರಬಂಧವೊಂದು 2011ರಲ್ಲಿ 'ಅಡ್ವಾನ್ಸ್ಡ್ ಮೆಟೀರಿಯಲ್ಸ್' ಎಂಬ ವಿದೇಶೀ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕರಲ್ಲಿ ಜಗದ್ವಿಖ್ಯಾತರಾದ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರೂ ಒಬ್ಬರು. ಅದರ ಕೆಲವು ವಾಕ್ಯಗಳು 2010ರಲ್ಲಿ ಪ್ರಕಟವಾಗಿದ್ದ ಅನ್ಯರ ಪ್ರಬಂಧದಿಂದ ಹಾಗೆಯೇ ಬಂದಿದ್ದುವು. ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಯಾಚಿಸಿದರು. 2012ರ ಫೆಬ್ರವರಿಯಲ್ಲಿ ಸುದ್ದಿ ದೇಶವೆಲ್ಲ ಹಬ್ಬಿತು. ಆ ಭಾಗವನ್ನು ಬರೆದವರು ವಿದ್ಯಾರ್ಥಿಯೆಂದು ರಾವ್ ಅವರು ತಿಳಿಸಿದರು.

ಕ್ಷಮೆ ಕೇಳಿದ್ದು ವಾಕ್ಯಗಳಿಗಾಗಿ, ಪ್ರಯೋಗದ ಫಲಕ್ಕಾಗಿ ಅಲ್ಲ. ಹಾಗಾದರೆ ಇಷ್ಟೊಂದು ಗದ್ದಲವೇಕೆ ಎಂದರೆ, ಓದುಗನು ಪ್ರಯೋಗಶಾಲೆಯೊಳಗೆ ನಿಂತು ನೋಡಿದವನಲ್ಲ. ಬರೆದವನ ಮಾತನ್ನು ನಂಬಿಯೇ ಮುಂದುವರಿಯಬೇಕಾದವನು. ಇನ್ನು ಹೊಣೆಯ ಮಾತು. ಇಂತಹ ಯಾವ ಪ್ರಬಂಧದಲ್ಲಿಯೇ ಆಗಲಿ, ಕೀರ್ತಿಗೆ ಪಾಲುದಾರರಾಗಿ ಹೆಸರು ಹಾಕಿದವರೆಲ್ಲರೂ ಪ್ರತಿಯೊಂದು ಸಾಲಿಗೂ ಪಾಲುದಾರರೇ ಎಂದು ನನ್ನ ಅಭಿಪ್ರಾಯ.

ನಮ್ಮ ಮನೆಗಳಿಗೆ ಇದು ದೂರದ ವಿಷಯವಲ್ಲ. ತಾಯ್ನುಡಿಯಲ್ಲಿ ಕಲಿತ ಹುಡುಗನಿಗೆ ವಿಷಯ ತಿಳಿದಿರುತ್ತದೆ. ಇಂಗ್ಲಿಷಿನ ವಾಕ್ಯ ಮಾತ್ರ ಕೈಗೆ ಹತ್ತದು. ಎದುರಿಗೆ ಬೇರೊಬ್ಬರ ನುಣುಪಾದ ವಾಕ್ಯ ಸಿದ್ಧವಾಗಿರುತ್ತದೆ. ಅದನ್ನು ಎತ್ತಿಕೊಳ್ಳುವುದು ಅವನಿಗೆ ಕಳ್ಳತನವೆಂದೇ ತೋರುವುದಿಲ್ಲ. ಪಾಠವನ್ನು ಉರುಹೊಡೆದು ಒಪ್ಪಿಸಿದವನಿಗೇ ನಾವು ಅಂಕ ಕೊಟ್ಟು ಬೆಳೆಸಿಲ್ಲವೆ?

ಪಡೆದುದನ್ನು ಹೆಸರಿಟ್ಟು ಹೇಳುವ ಪದ್ಧತಿ ನಮಗೆ ಹೊಸದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತನಗಿಂತ ಹಿಂದಿನ ಗದ್ಯಕಾರರಾದ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸಿದೆ. ಅವರ ಕನ್ನಡ ಗದ್ಯ ನಮಗೆ ದೊರೆತಿಲ್ಲ. ಹಾಗೆ ಬರೆದವರಿದ್ದರೆಂಬ ಅರಿವು ಈ ಸ್ಮರಣೆಯಿಂದ ಉಳಿದಿದೆ.

ಅವಸರಕ್ಕೆ ಇನ್ನೊಂದು ಕಾರಣವುಂಟು, ಅದು ಲೆಕ್ಕ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಒಂದು ಸೂಚ್ಯಂಕವನ್ನು ಕಲ್ಪಿಸಿದರು: ಒಬ್ಬರ ಹತ್ತು ಪ್ರಬಂಧಗಳನ್ನು ಇತರರು ತಲಾ ಹತ್ತು ಬಾರಿಯಾದರೂ ಉಲ್ಲೇಖಿಸಿದ್ದರೆ ಅವರ ಅಂಕ ಹತ್ತು. ಅಳತೆಗೋಲು ಸುಲಭ. ಆದರೆ ಉಲ್ಲೇಖವು ಹೊಗಳಿಕೆಯೋ ಖಂಡನೆಯೋ ಎಂಬುದು ಅದಕ್ಕೆ ತಿಳಿಯದು. ಹತ್ತು ವರ್ಷ ಒಂದೇ ಪ್ರಶ್ನೆಯನ್ನು ಹಿಡಿದು ಕುಳಿತವನು ಅದರ ಕಣ್ಣಿಗೆ ಸೋಮಾರಿ! ನಮ್ಮ ವಿಶ್ವವಿದ್ಯಾನಿಲಯ ಅನುದಾನ ಆಯೋಗವೂ 2009ರ ನಿಯಮದಲ್ಲಿ, ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನವನ್ನಾದರೂ ಪ್ರಕಟಿಸಿರಬೇಕೆಂದು ವಿಧಿಸಿತ್ತು. 2022ರಲ್ಲಿ ಆ ಕಡ್ಡಾಯವನ್ನು ತೆಗೆಯಿತು. ಒಳ್ಳೆಯದೇ ಆಯಿತು. ಕೃತಿಚೌರ್ಯದ ಬಗೆಗಿನ 2018ರ ನಿಯಮ ಮಾತ್ರ ಕಠಿನವಾದುದು: ಶೇಕಡ 60ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ವಿದ್ಯಾರ್ಥಿಯ ನೋಂದಣಿಯೇ ರದ್ದು.

ತಾಯಂದಿರಲ್ಲಿ ಒಂದು ಬಿನ್ನಹ. ರಜೆಗೆ ಬಂದ ಮಗನನ್ನೋ ಮಗಳನ್ನೋ "ಎಷ್ಟು ಲೇಖನ ಬಂತು?" ಎಂದು ಕೇಳಬೇಡಿರಿ, "ಏನು ಕಂಡೆ? ನಮಗೆ ತಿಳಿಯುವಂತೆ ಹೇಳು" ಎನ್ನಿರಿ. ಕನ್ನಡದಲ್ಲಿ ಹೇಳಿದುದನ್ನೇ ಅವರು ತಮ್ಮ ಸೊಟ್ಟ ಇಂಗ್ಲಿಷಿನಲ್ಲಿ ಬರೆಯಲಿ, ತಿದ್ದುವುದಕ್ಕೆ ಗುರುಗಳಿದ್ದಾರೆ.