ಬೆನ್ನಿನ ನಿಲುವು ಮತ್ತು ನಮ್ಮ ಕೆಲಸ
(ಎಸ್ಟೇಟ್ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಬೆನ್ನುನೋವೆಂದು ಹೋದ ನಮ್ಮ ಹೆಣ್ಣುಮಕ್ಕಳನ್ನು ಡಾಕ್ಟರು ಫಿಸಿಯೋಥೆರಪಿಗೆ ಕಳುಹಿಸಿದರೆ, ಅನೇಕರು ಒಂದು ದಿನ ಹೋಗಿ ಬಿಟ್ಟುಬಿಡುತ್ತಾರೆ. "ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಸುಮ್ಮನೆ ನಿಲ್ಲಿಸಿ ಹಿಂದೆ ಮುಂದೆ ನೋಡಿದರು" ಎಂದು ದೂರುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಹೋದವರಿಗೆ ಹಾಗನ್ನಿಸುವುದು ಸಹಜವೇ. ಆದರೆ ಚಿಕಿತ್ಸೆ ಆರಂಭವಾಗುವುದೇ ಆ ನೋಟದಿಂದ ಎಂಬುದನ್ನು ನಾವು ತಿಳಿಯಬೇಕು.

ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲವೇ? ಇವರೂ ನಮ್ಮನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, ಅಂಥ ದಾರದಿಂದಲೋ ಕಣ್ಣಳತೆಯಿಂದಲೋ ನೋಡುತ್ತಾರೆ. ಸರಿಯಾದ ನಿಲುವಿನಲ್ಲಿ ಆ ಗೆರೆಯು ಕಿವಿಯ ಹಾಲೆ, ಭುಜದ ನಡು, ಸೊಂಟದ ಕೀಲು ಇವುಗಳ ನೇರಕ್ಕೆ ಇಳಿದು, ಪಾದದ ಗಿಣ್ಣಿನ ತುಸು ಮುಂದೆ ನಿಲ್ಲುತ್ತದೆ. ಈ ಕ್ರಮವನ್ನು ರೂಢಿಗೆ ತಂದವರಲ್ಲಿ ಅಮೆರಿಕದ ಹೆನ್ರಿ ಮತ್ತು ಫ್ಲಾರೆನ್ಸ್ ಕೆಂಡಲ್ ದಂಪತಿಗಳು ಮುಖ್ಯರು. ನಿಲುವು ಮತ್ತು ನೋವಿನ ಕುರಿತ ಅವರ ಪುಸ್ತಕ 1952ರಲ್ಲಿ ಹೊರಬಂತು.

ಆ ಗೆರೆಯಿಂದ ತಪ್ಪಿದ ನಿಲುವುಗಳಲ್ಲಿ ಮೂರು ಬಗೆಗಳನ್ನು ಮುಖ್ಯವಾಗಿ ಹೇಳುತ್ತಾರೆ. ಮೊದಲನೆಯದರಲ್ಲಿ ತಲೆ ಮುಂದಕ್ಕೆ ಚಾಚಿ, ಮೇಲ್ಬೆನ್ನು ಗೂನಾಗಿ, ಕೆಳಬೆನ್ನು ಒಳಕ್ಕೆ ಬಗ್ಗಿರುತ್ತದೆ. ಎರಡನೆಯದರಲ್ಲಿ ಕೆಳಬೆನ್ನಿನ ಸಹಜವಾದ ಬಾಗು ಮಾಯವಾಗಿ, ಬೆನ್ನು ಹಲಗೆಯಂತೆ ಚಪ್ಪಟೆಯಾಗಿರುತ್ತದೆ. ಮೂರನೆಯದರಲ್ಲಿ ಸೊಂಟ ಮುಂದಕ್ಕೆ ತಳ್ಳಿ, ಎದೆಯ ಭಾಗ ಹಿಂದಕ್ಕೆ ವಾಲಿರುತ್ತದೆ.

ಈ ಭೇದ ಏಕೆ ಬೇಕು? ಮೊದಲ ಬಗೆಯವರಲ್ಲಿ ಸಾಮಾನ್ಯವಾಗಿ ತೊಡೆಯ ಸಂದಿನ ಮುಂದಿನ ಸ್ನಾಯು ಬಿಗಿದು, ಹೊಟ್ಟೆಯ ಸ್ನಾಯು ಬಲಗುಂದಿರುತ್ತದೆ. ಉಳಿದ ಎರಡು ಬಗೆಗಳಲ್ಲಿ ತೊಡೆಯ ಹಿಂದಿನ ಸ್ನಾಯು ಬಿಗಿದಿರುತ್ತದೆ, ಮುಂದಿನದು ಸಡಿಲವಾಗಿರುತ್ತದೆ. ಒಬ್ಬಳಿಗೆ ಎಳೆಯಬೇಕಾದ ಸ್ನಾಯುವನ್ನು ಇನ್ನೊಬ್ಬಳಿಗೆ ಬಲಪಡಿಸಬೇಕು. ಆದುದರಿಂದ ಪಕ್ಕದ ಲೈನಿನ ಅಕ್ಕನಿಗೆ ಹೇಳಿಕೊಟ್ಟ ವ್ಯಾಯಾಮವನ್ನು ನೋಡಿ ನಾವೂ ಮಾಡತಕ್ಕದ್ದಲ್ಲ.

ಅವರು ಹಿಂದಿನಿಂದಲೂ ನೋಡುತ್ತಾರೆ: ಎರಡು ಭುಜಗಳು ಸಮವಾಗಿವೆಯೇ, ಸೊಂಟ ಒಂದು ಕಡೆ ಎತ್ತಿದೆಯೇ ಎಂದು. ಮುಂದಕ್ಕೆ ಬಗ್ಗಿಸಿ, ಪಕ್ಕೆಲುಬು ಒಂದೇ ಕಡೆ ಉಬ್ಬುತ್ತದೆಯೇ ಎಂದು ನೋಡುವುದು ಬೆನ್ನುಮೂಳೆ ಪಕ್ಕಕ್ಕೆ ತಿರುಚಿದೆಯೇ ಎಂದು ತಿಳಿಯುವುದಕ್ಕಾಗಿ. ನಾಚಿಕೆಪಟ್ಟು ಸೆರಗು ಬಿಗಿದು ನಿಂತರೆ ಏನೂ ಕಾಣದು. ಹೆಂಗಸರೇ ನೋಡಲಿ ಎಂದು ಕೇಳಬಹುದು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು.

ಆದರೆ ನಿಲುವೊಂದೇ ನೋವಿನ ಕಾರಣವನ್ನು ಹೇಳಿಬಿಡುವುದಿಲ್ಲ. ಬಾಗಿದವರಿಗೆಲ್ಲ ನೋವಿರುವುದಿಲ್ಲ, ನೆಟ್ಟಗೆ ನಿಂತವರಿಗೂ ನೋವಿರುತ್ತದೆ. ಆದಕಾರಣ ನಾವು ಮಾಡುವ ಕೆಲಸವನ್ನು ಬಾಯಿಬಿಟ್ಟು ಹೇಳಬೇಕು. ಎಷ್ಟು ಹೊತ್ತು ಬಗ್ಗಿ ಎಲೆ ಕೀಳುತ್ತೇವೆ, ಮೂಟೆ ತಲೆಯ ಮೇಲೋ ಯಾವ ಹೆಗಲ ಮೇಲೋ, ಎಷ್ಟು ಕಿಲೋ, ಯಾವ ಇಳಿಜಾರು, ಮನೆಗೆ ಬಂದು ಎಷ್ಟು ಕೊಡ ನೀರು, ಎಷ್ಟು ಹೊರೆ ಸೌದೆ, ಎಲ್ಲವನ್ನೂ ಹೇಳಬೇಕು. "ಭಾರ ಎತ್ತಬೇಡಿ" ಎಂದು ಅವರು ಹೇಳಿದರೆ, "ಹಾಗೆಂದು ಚೀಟಿ ಬರೆದುಕೊಡಿ" ಎಂದು ಕೇಳಿರಿ. ಚೀಟಿಯಿದ್ದರೆ ಹಗುರ ಕೆಲಸಕ್ಕಾಗಿ ಯೂನಿಯನ್ ವಾದಿಸಬಹುದು. ಬಾಯಿಮಾತನ್ನು ಮೇಸ್ತ್ರಿಯೂ ಕೇಳುವುದಿಲ್ಲ. ಆರೋಗ್ಯ ಕೆಡಿಸುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದು, ಹೆಂಗಸರ ಹೊರೆ ಗಂಡಸರದಕ್ಕಿಂತ ಸಾಕಷ್ಟು ಕಡಿಮೆಯಿರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಒಪ್ಪಂದ ಮಾಡಿತು.

ಕೆಲವು ಗುರುತುಗಳು ಕಂಡರೆ ವ್ಯಾಯಾಮಕ್ಕೆ ಮೊದಲು ಡಾಕ್ಟರ ಬಳಿಗೆ ಹೋಗಬೇಕು. ಬೆನ್ನಿನ ನಡುವೆ ಚೂಪಾದ ಗೂನು ಎದ್ದು, ಸಂಜೆ ಜ್ವರ ಬಂದು, ಮೈ ಇಳಿಯುತ್ತಿದ್ದರೆ ಅದು ಬೆನ್ನುಮೂಳೆಯ ಕ್ಷಯವಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ಗುಣವಾಗುವ ರೋಗ ಅದು. ವಯಸ್ಸಾದ ತಾಯಂದಿರು ವರ್ಷದಿಂದ ವರ್ಷಕ್ಕೆ ಕುಳ್ಳಾಗುತ್ತಾ ಗೂನಾಗುತ್ತಿದ್ದರೆ ಮೂಳೆ ಸವೆದು ಕುಸಿದಿರಬಹುದು. ಎರಡು ಕಾಲೂ ಜೋಮು ಹಿಡಿದು ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ಅಂದೇ ಆಸ್ಪತ್ರೆಗೆ ಸೇರಿಸಬೇಕು. ಮರುದಿನಕ್ಕೆ ಕಾಯಬಾರದು.

ಹದಿನೆಂಟು ವರ್ಷ ನಡುಬಗ್ಗಿ ನಡೆದ ಹೆಂಗಸಿನ ವಿಷಯ ಲೂಕನ ಸುವಾರ್ತೆಯಲ್ಲಿದೆ. ಯೇಸುಸ್ವಾಮಿ ಮೊದಲು ಆಕೆಯನ್ನು ಕಂಡರು, ಆಮೇಲೆ ಕರೆದರು. ನಮ್ಮ ಲೈನುಗಳಲ್ಲಿಯೂ ಬಗ್ಗಿ ನಡೆಯುವ ತಾಯಂದಿರಿದ್ದಾರೆ. "ವಯಸ್ಸಾಯಿತು, ಹಾಗೇ ಇರುತ್ತದೆ" ಎಂದು ನಾವು ದಾಟಿ ಹೋಗದಿರೋಣ. ಈ ವಾರ ಅಂಥ ಒಬ್ಬರನ್ನಾದರೂ ವಿಚಾರಿಸಿ, ಬೇಕಾದರೆ ಜೊತೆಯಲ್ಲಿ ಬಸ್ಸು ಹತ್ತಿ ಕರೆದುಕೊಂಡು ಹೋಗೋಣ.