ಒಂದೇ ಗ್ರಂಥ, ಎರಡು ಓದು



ವಿರಾಜಪೇಟೆಗೆ ಹೋದವರು ಅಲ್ಲಿನ ಸಂತ ಅನ್ನಮ್ಮನವರ ಚರ್ಚನ್ನು ನೋಡದೆ ಬರುವುದಿಲ್ಲ. ಮಡಿಕೇರಿ ಕೋಟೆಯೊಳಗಿನ ವಸ್ತುಸಂಗ್ರಹಾಲಯವನ್ನೂ ನಿಮ್ಮಲ್ಲಿ ಹಲವರು ನೋಡಿರಬಹುದು. ಆ ಕಟ್ಟಡ ಹಿಂದೆ ಸಂತ ಮಾರ್ಕನ ಹೆಸರಿನ ಆಂಗ್ಲಿಕನ್ ಚರ್ಚಾಗಿತ್ತು. ಮೊದಲನೆಯದು ಕಥೋಲಿಕರದು, ಎರಡನೆಯದು ಪ್ರೊಟೆಸ್ಟೆಂಟರದು. ಈ ಎರಡು ಹೆಸರುಗಳಲ್ಲೇ ನಮ್ಮ ಇಂದಿನ ವಿಷಯ ಅಡಗಿದೆ.

ಮಾರ್ಕನ ಹೆಸರಿನ ಸುವಾರ್ತೆ ಬೈಬಲಿನಲ್ಲಿದೆ. ಆದರೆ ಮರಿಯಮ್ಮನ ತಾಯಿಯಾದ ಅನ್ನಮ್ಮನ ಬಗ್ಗೆ ಬೈಬಲ್ ಒಂದು ಮಾತನ್ನೂ ಹೇಳುವುದಿಲ್ಲ. ಆಕೆಯ ಕಥೆ ಎರಡನೆಯ ಶತಮಾನದ, ಬೈಬಲಿಗೆ ಸೇರದ ಬರಹವೊಂದರಲ್ಲಿ ಬರುತ್ತದೆ. ಹಾಗಾದರೆ ಗ್ರಂಥದಲ್ಲಿ ಇಲ್ಲದವರನ್ನು ಸಂತರೆಂದು ಗೌರವಿಸಬಹುದೇ? ಅವರಲ್ಲಿ ಪ್ರಾರ್ಥನೆಯನ್ನು ಬೇಡಬಹುದೇ? ಕಥೋಲಿಕರು ಹೌದು ಎನ್ನುತ್ತಾರೆ, ಪ್ರೊಟೆಸ್ಟೆಂಟರು ಇಲ್ಲ ಎನ್ನುತ್ತಾರೆ.

ಈ ಎರಡು ಪಂಥಗಳು ಕೊಡಗಿಗೆ ಬಂದ ದಾರಿಗಳೂ ಬೇರೆ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಕಥೋಲಿಕರಿಗೆ ದೊಡ್ಡ ವೀರರಾಜೇಂದ್ರನು ಆಶ್ರಯ ಕೊಟ್ಟನು. 1792ರಲ್ಲಿ ವಿರಾಜಪೇಟೆಯಲ್ಲಿ ಅವರ ಚರ್ಚು ಆರಂಭವಾಯಿತು. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೆ ಪ್ರೊಟೆಸ್ಟೆಂಟರು ಬಂದರು. 'ಮಂಗಳೂರ ಸಮಾಚಾರ' ಪತ್ರಿಕೆಯಿಂದ ನಮಗೆಲ್ಲ ಪರಿಚಿತನಾದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿನಲ್ಲಿ ದುಡಿದನು. ಕ್ರೈಸ್ತರಾದ ದಲಿತ ಕುಟುಂಬಗಳಿಗಾಗಿ ಅವನು ನೆಲೆಗೊಳಿಸಿದ ಊರೇ ಆನಂದಪುರ.

ಇತಿಹಾಸದ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. 1505ರ ಜುಲೈ ತಿಂಗಳಲ್ಲಿ ಜರ್ಮನಿಯ ಬಯಲೊಂದರಲ್ಲಿ ಯುವಕನೊಬ್ಬ ಸಿಡಿಲಿಗೆ ಬೆದರಿ, ತನ್ನನ್ನು ಉಳಿಸಿದರೆ ಸನ್ಯಾಸಿಯಾಗುತ್ತೇನೆಂದು ಸಂತ ಅನ್ನಮ್ಮನಿಗೇ ಮೊರೆಯಿಟ್ಟನು. ಅವನೇ ಮಾರ್ಟಿನ್ ಲೂಥರ್. ಮುಂದೆ 1517ರಲ್ಲಿ ಧರ್ಮಸುಧಾರಣೆಗೆ ಕಾರಣನಾದವನೂ, ನಂಬಿಕೆಯ ಕೊನೆಯ ಪ್ರಮಾಣ ಗ್ರಂಥವೊಂದೇ ಎಂದು ಸಾರಿದವನೂ ಅವನೇ.

ಮೊದಲ ಭಿನ್ನಾಭಿಪ್ರಾಯ ಇರುವುದು ಇಲ್ಲಿಯೇ. ಪ್ರೊಟೆಸ್ಟೆಂಟರ ಪ್ರಕಾರ ಮೋಕ್ಷಕ್ಕೆ ಬೇಕಾದುದೆಲ್ಲ ಗ್ರಂಥದಲ್ಲಿ ಸ್ಪಷ್ಟವಾಗಿದೆ. ಆದ್ದರಿಂದ ಅದು ಜನರ ಭಾಷೆಯಲ್ಲಿ ಜನರ ಕೈಗೆ ಸಿಗಬೇಕು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರು 1831ರಲ್ಲಿ ಇಡೀ ಬೈಬಲನ್ನು ಕನ್ನಡಕ್ಕೆ ತಂದುದರ ಹಿಂದೆ ಈ ನಂಬಿಕೆಯಿತ್ತು. ಕಥೋಲಿಕರು ಕೇಳುವುದು ಬೇರೆಯದು: ಯಾವ ಪುಸ್ತಕಗಳು ಬೈಬಲಿಗೆ ಸೇರಬೇಕೆಂದು ತೀರ್ಮಾನಿಸಿದ್ದು ಸಭೆಯಲ್ಲವೇ? ಹಾಗಿದ್ದರೆ ಅರ್ಥ ಹೇಳುವ ಹೊಣೆಯೂ ಸಭೆಯದೇ, ಅದರ ಪರಂಪರೆಯದೇ. ಪುಸ್ತಕಗಳ ಎಣಿಕೆಯಲ್ಲೂ ವ್ಯತ್ಯಾಸವಿದೆ. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕಗಳು, ಕಥೋಲಿಕ ಬೈಬಲಿನಲ್ಲಿ 73.

ಎರಡನೆಯದು ಪ್ರತಿಮೆಗಳ ಪ್ರಶ್ನೆ. ಇದಕ್ಕೆ ಬೈಬಲಿನ ಒಂದು ಕಥೆ ಸಾಕು. ಅರಣ್ಯದಲ್ಲಿ ಹಾವು ಕಚ್ಚಿ ಜನರು ಸಾಯುತ್ತಿದ್ದಾಗ ದೇವರ ಅಪ್ಪಣೆಯಂತೆ ಮೋಶೆ ಕಂಚಿನ ಸರ್ಪವೊಂದನ್ನು ಮಾಡಿ ಕಂಬದ ಮೇಲಿಟ್ಟನು. ಅದನ್ನು ನೋಡಿದವರು ಬದುಕಿದರು. ನೋಡಿ, ದೇವರೇ ಪ್ರತಿಮೆ ಮಾಡಿಸಿದನಲ್ಲ ಎನ್ನುತ್ತಾರೆ ಕಥೋಲಿಕರು. ಕಥೆ ಅಲ್ಲಿಗೆ ಮುಗಿಯಲಿಲ್ಲ ಎನ್ನುತ್ತಾರೆ ಪ್ರೊಟೆಸ್ಟೆಂಟರು. ಎಷ್ಟೋ ತಲೆಮಾರುಗಳ ನಂತರ ಜನರು ಅದೇ ಸರ್ಪಕ್ಕೆ ಧೂಪ ಹಾಕತೊಡಗಿದರು. ಆಗ ಅರಸನಾದ ಹಿಜ್ಕೀಯನು ಅದನ್ನು ಒಡೆದು ಹಾಕಿದನು. ಗ್ರಂಥ ಒಂದೇ, ಸರ್ಪವೂ ಒಂದೇ. ಒಬ್ಬರು ಅದನ್ನು ಮಾಡಿದವನನ್ನು ನೆನೆಯುತ್ತಾರೆ, ಇನ್ನೊಬ್ಬರು ಒಡೆದವನನ್ನು.

ಆದರೆ ಕಥೋಲಿಕರು ಪ್ರತಿಮೆಯನ್ನು ಪೂಜಿಸುತ್ತಾರೆ ಎಂದು ಸುಮ್ಮನೆ ಹೇಳಿಬಿಡುವುದು ನ್ಯಾಯವಲ್ಲ. 787ರ ನಿಕೇಯ ಮಹಾಸಭೆಯೇ ಆರಾಧನೆ ಬೇರೆ, ಗೌರವ ಬೇರೆ ಎಂದು ವಿಂಗಡಿಸಿತ್ತು. ಆರಾಧನೆ ದೇವರಿಗೆ ಮಾತ್ರ. ಪ್ರತಿಮೆಗೆ ಸಲ್ಲುವ ಗೌರವ ಅದು ಯಾರನ್ನು ತೋರಿಸುತ್ತದೆಯೋ ಅವರಿಗೆ ತಲುಪುತ್ತದೆ. ಹಾಗೆಯೇ ಪ್ರೊಟೆಸ್ಟೆಂಟರಿಗೆ ಸಂತರಲ್ಲಿ ಗೌರವವಿಲ್ಲ ಎನ್ನುವುದೂ ತಪ್ಪು. ಕೋಟೆಯ ಚರ್ಚಿಗೆ ಮಾರ್ಕನ ಹೆಸರನ್ನಿಟ್ಟವರು ಅವರೇ ಅಲ್ಲವೇ? ಸಂತರ ಬಾಳು ನಮಗೆ ಮಾದರಿ, ಆದರೆ ದೇವರಿಗೂ ನಮಗೂ ನಡುವೆ ಕ್ರಿಸ್ತನೊಬ್ಬನೇ ಮಧ್ಯಸ್ಥ ಎಂಬುದು ಅವರ ನಿಲುವು.

ಈ ಚರ್ಚೆ ಪಂಡಿತರಿಗೆ ಮಾತ್ರ ಸೇರಿದ್ದಲ್ಲ. ನಿಮ್ಮ ತರಗತಿಯ ಕಥೋಲಿಕ ಗೆಳತಿಯೊಬ್ಬಳ ಅಜ್ಜಿ ತೀರಿಕೊಂಡರು ಎಂದಿಟ್ಟುಕೊಳ್ಳಿ. "ನಮ್ಮ ಅಜ್ಜಿಯ ಆತ್ಮಕ್ಕಾಗಿ ಪ್ರಾರ್ಥನೆ ಮಾಡೇ" ಎಂದು ಅವಳು ತನ್ನ ಪ್ರೊಟೆಸ್ಟೆಂಟ್ ಗೆಳತಿಯನ್ನು ಕೇಳುತ್ತಾಳೆ. ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೆ ಕಥೋಲಿಕರು ಆಧಾರವಾಗಿ ತೋರಿಸುವ ಮಕ್ಕಬಿಯರ ಎರಡನೆಯ ಪುಸ್ತಕ ಆ ಇನ್ನೊಬ್ಬಳ ಬೈಬಲಿನಲ್ಲಿ ಇಲ್ಲವೇ ಇಲ್ಲ. ಅವಳು ಏನು ಹೇಳಬೇಕು? ನಂಬದ ಮಾತನ್ನು ಆಡಿದರೆ ಸುಳ್ಳಾಗುತ್ತದೆ. ಅದು ತಪ್ಪೆಂದು ಅಲ್ಲಿಯೇ ವಾದಕ್ಕಿಳಿದರೆ ಕ್ರೌರ್ಯವಾಗುತ್ತದೆ. "ನಿನಗೂ ನಿಮ್ಮ ಮನೆಯವರಿಗೂ ದೇವರು ಧೈರ್ಯ ಕೊಡಲಿ ಎಂದು ಪ್ರಾರ್ಥಿಸುತ್ತೇನೆ" ಎಂದು ಹೇಳಿ ಅವಳ ಕೈಹಿಡಿದು ನಿಲ್ಲಬಹುದು. ಆ ಮಾತಿನಲ್ಲಿ ಸುಳ್ಳೂ ಇಲ್ಲ, ನೋವೂ ಇಲ್ಲ. ಕೈಮಡದಲ್ಲಿ ಕಾರೋಣರನ್ನು ನೆನೆಯುವ ಕೊಡವ ಮನೆಯ ಮಕ್ಕಳಿಗೂ ಇಲ್ಲಿನ ಮೂಲ ಪ್ರಶ್ನೆ ಹೊಸದಲ್ಲ: ಅಗಲಿದ ಹಿರಿಯರಿಗೂ ನಮಗೂ ಇರುವ ಸಂಬಂಧವೇನು?

ದೊಡ್ಡವರೂ ಇದೇ ಹಾದಿಯಲ್ಲಿ ನಡೆದಿದ್ದಾರೆ. ಬೈಬಲ್ ಎಲ್ಲ ವಿಶ್ವಾಸಿಗಳಿಗೂ ಸುಲಭವಾಗಿ ದೊರೆಯಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. 1999ರಲ್ಲಿ ಲೂಥರನ್ನರೂ ಕಥೋಲಿಕರೂ ಕೃಪೆ ಮತ್ತು ನಂಬಿಕೆಯ ಬಗೆಗಿನ ಹಳೆಯ ಜಗಳವೊಂದರಲ್ಲಿ ಜಂಟಿ ಹೇಳಿಕೆಗೆ ಸಹಿ ಮಾಡಿದರು. ಆದರೂ ಸಂತರ ಪ್ರಶ್ನೆ, ಪರಂಪರೆಯ ಪ್ರಶ್ನೆ ಹಾಗೆಯೇ ಉಳಿದಿವೆ.

ಉಳಿಯಲಿ, ಮಿತ್ರರೇ. ಭಿನ್ನಾಭಿಪ್ರಾಯ ಇರುವುದು ದೋಷವಲ್ಲ. ಎದುರಿನವರು ಹೇಳದೇ ಇದ್ದುದನ್ನು ಅವರ ಬಾಯಿಗೆ ತುರುಕುವುದು ದೋಷ. ನಿಮ್ಮ ಗೆಳೆಯ ಏಕೆ ಮೊಣಕಾಲೂರುತ್ತಾನೆ, ಇನ್ನೊಬ್ಬ ಏಕೆ ನಿಂತೇ ಇರುತ್ತಾನೆ ಎಂಬುದನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳಿ. ತೀರ್ಮಾನ ಏನಿದ್ದರೂ ಆಮೇಲೆ.