ಮುಯ್ಯಾಳಿನ ಲೆಕ್ಕ: ಹಳ್ಳಿ ಆಸ್ಪತ್ರೆಗಳ ಹಣಕಾಸು



ನಾನು ವೈದ್ಯನಲ್ಲ. ಮೂವತ್ತು ಹಾಸಿಗೆಯ ಒಂದು ಹಳ್ಳಿ ಆಸ್ಪತ್ರೆಯಲ್ಲಿ ಬಹಳ ವರ್ಷ ಲೆಕ್ಕ ಬರೆದವನು. ಸೇವೆ, ತ್ಯಾಗಗಳ ಬಗ್ಗೆ ಸೊಗಸಾಗಿ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಚೆನ್ನಾಗಿ ಗೊತ್ತಿರುವುದು ತಿಂಗಳ ಒಂದನೇ ತಾರೀಕು.

ಅಂದು ನರ್ಸುಗಳಿಗೆ ಸಂಬಳ ಆಗಬೇಕು. ಔಷಧಿಯ ಸಗಟು ವ್ಯಾಪಾರಿ ಮೂವತ್ತು ದಿನ ಕಾಯುತ್ತಾನೆ, ಮೂವತ್ತೊಂದನೇ ದಿನ ಫೋನು ಬರುತ್ತದೆ. ಜನರೇಟರಿನ ಡೀಸೆಲ್ಲಿಗೆ ನಗದೇ ಬೇಕು. ಇತ್ತ ಸರ್ಕಾರಿ ವಿಮೆಯಲ್ಲಿ ಹರ್ನಿಯಾ ಆಪರೇಶನ್ ಮಾಡಿಸಿಕೊಂಡವನು ಗುಣವಾಗಿ, ಗದ್ದೆಗಿಳಿದು, ನಾಟಿ ಮುಗಿಸಿ ಕಳೆ ಕೀಳುವ ಹೊತ್ತಾದರೂ ಕ್ಲೇಮಿನ ದುಡ್ಡು ಬಂದಿರುವುದಿಲ್ಲ. ರೋಗಿಗಳಿಲ್ಲದೆ ಹಳ್ಳಿ ಆಸ್ಪತ್ರೆ ಮುಚ್ಚುತ್ತದೆ ಅನ್ನುತ್ತಾರೆ. ಜಗಲಿ ತುಂಬ ರೋಗಿಗಳಿರುವಾಗಲೇ ಬಾಗಿಲು ಹಾಕುವ ಸ್ಥಿತಿ ಬರುವುದನ್ನು ನಾನು ಕಂಡಿದ್ದೇನೆ.

ಮೂಲ ತೊಡಕು ಗಾತ್ರದ್ದು. ವಾರಕ್ಕೆ ಎರಡು ಸಿಸೇರಿಯನ್ ಆಗಲಿ, ಇಪ್ಪತ್ತಾಗಲಿ, ಅರಿವಳಿಕೆಯ ವೈದ್ಯರು ಒಬ್ಬರು ಬೇಕೇ ಬೇಕು. ಇಪ್ಪತ್ತು ಮಾಡುವವರಿಗೆ ಆ ಸಂಬಳ ಹಂಚಿಹೋಗುತ್ತದೆ, ಎರಡು ಮಾಡುವವರ ತಲೆಯ ಮೇಲೇ ಕೂರುತ್ತದೆ.

ಇದಕ್ಕೆ ಮದ್ದು ನಮ್ಮ ಬೇಸಾಯಗಾರರಿಗೆ ಗೊತ್ತಿತ್ತು. ಮುಯ್ಯಾಳು ಅನ್ನುತ್ತಿದ್ದರು: ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅದೇ ಲೆಕ್ಕ ಸಂಘವೂ ಆಯಿತು: 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲವಾಯಿತು, ಆಮೇಲೆ ಹಾಲಾಯಿತು. ಕೊನೆಗೆ ಕಾಯಿಲೆಯೂ ಆ ದಾರಿಗೆ ಬಂತು. ಡಾ. ದೇವಿ ಶೆಟ್ಟಿಯವರ ಆಲೋಚನೆಯಿಂದ ಹುಟ್ಟಿದ ಯಶಸ್ವಿನಿ ಆರೋಗ್ಯ ಯೋಜನೆ 2003ರಲ್ಲಿ ಜಾರಿಯಾದಾಗ, ಸಹಕಾರ ಸಂಘದ ರೈತ ಸದಸ್ಯ ವರ್ಷಕ್ಕೆ ಕಟ್ಟುತ್ತಿದ್ದುದು 60 ರೂಪಾಯಿ. 2018ರಲ್ಲಿ ಅದು ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕರಗಿತು, 2022ರಲ್ಲಿ ಮರುಜೀವ ಪಡೆಯಿತು. ದೊಡ್ಡ ಕೆಲಸವೇ, ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಯಶಸ್ವಿನಿ ಒಟ್ಟುಗೂಡಿಸಿದ್ದು ರೋಗಿಗಳನ್ನು. ಆಸ್ಪತ್ರೆಗಳು ಒಂಟಿಯಾಗಿಯೇ ಉಳಿದವು.

ಬೇರೆ ಕಡೆ ಒಂಟಿತನ ಬಿಟ್ಟವರಿದ್ದಾರೆ. ವಿದೇಶಿ ಮಿಶನ್ನುಗಳ ಹಣವೂ ವೈದ್ಯರೂ ಹಿಂದೆ ಸರಿಯತೊಡಗಿದಾಗ, 1970ರಲ್ಲಿ ಉತ್ತರ ಭಾರತದ ಹಲವು ಮಿಶನ್ ಆಸ್ಪತ್ರೆಗಳು ಇಮ್ಯಾನುಯೆಲ್ ಹಾಸ್ಪಿಟಲ್ ಅಸೋಸಿಯೇಷನ್ ಎಂಬ ಒಂದೇ ಚಾವಣಿಯಡಿ ಬಂದವು. ವಡೋದರಾದ ಲೋಕಾಸ್ಟ್ ಸಂಸ್ಥೆ 1983ರಿಂದ ಅಗತ್ಯ ಔಷಧಿಗಳನ್ನು ಕಡಿಮೆ ಬೆಲೆಗೆ ಸೇವಾಸಂಸ್ಥೆಗಳಿಗೆ ಒದಗಿಸುತ್ತಿದೆ. ಹತ್ತು ಸಣ್ಣ ಚೀಟಿ ಸೇರಿದರೆ ಒಂದು ದೊಡ್ಡ ಆರ್ಡರು.

ತಮಾಷೆಯೆಂದರೆ ಒಂದು ವಿಷಯದಲ್ಲಿ ಕಾನೂನೇ ನಮ್ಮನ್ನು ಒಟ್ಟಿಗೆ ಕೂರಿಸಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ 75 ಕಿಲೋಮೀಟರಿನೊಳಗೆ ಸಾಮೂಹಿಕ ತ್ಯಾಜ್ಯ ಘಟಕದ ಸೇವೆ ಸಿಗುವುದಾದರೆ ಆಸ್ಪತ್ರೆ ತನ್ನದೇ ಘಟಕ ಹಾಕಿಕೊಳ್ಳುವಂತಿಲ್ಲ. ಬಳಸಿ ಬಿಸಾಕಿದ ಸಿರಿಂಜುಗಳು ಒಂದೇ ಗಾಡಿಯಲ್ಲಿ ಹೋಗುತ್ತವೆ, ಹೊಸ ಸಿರಿಂಜುಗಳು ಬೇರೆ ಬೇರೆ ಗಾಡಿಯಲ್ಲಿ, ಬೇರೆ ಬೇರೆ ಬೆಲೆಗೆ ಬರುತ್ತವೆ.

ನಾವು ಅಕ್ಕಪಕ್ಕದ ಮೂರು ಆಸ್ಪತ್ರೆಗಳ ಲೆಕ್ಕಿಗರು ಒಮ್ಮೆ ಮುಯ್ಯಿ ಹೂಡಿದೆವು. ಔಷಧಿ ಒಟ್ಟಿಗೆ ಕೊಳ್ಳುವುದರಲ್ಲಿ ಗೆದ್ದೆವು. ಅರಿವಳಿಕೆಯವರನ್ನು ಸರದಿಯ ಮೇಲೆ ಹಂಚಿಕೊಳ್ಳುವುದರಲ್ಲಿ ಸೋತೆವು. ಮಂಗಳವಾರ ನಮ್ಮದು, ಬುಧವಾರ ನಿಮ್ಮದು ಎಂದು ಗೋಡೆಯ ಮೇಲೆ ಬರೆದರೆ ಹೆರಿಗೆನೋವು ಅದನ್ನು ಓದುವುದಿಲ್ಲ. ಯೋಜಿತ ಆಪರೇಶನ್ನುಗಳಿಗೆ ಮಾತ್ರ ಸರದಿ ನಡೆಯಿತು. ಇನ್ನು ಕ್ಲೇಮಿನ ಬಾಕಿ. ಒಬ್ಬರ ಕೈ ಬರಿದಾದಾಗ ಇನ್ನೊಬ್ಬರು ಕೈಗಡ ಕೊಡುವುದೆಂದು ಮಾತಾಗಿತ್ತು. ಆದರೆ ಹಣ ತಡೆದರೆ ಮೂವರಿಗೂ ಒಂದೇ ತಿಂಗಳು ತಡೆಯುತ್ತದೆ. ಮುಯ್ಯಾಳಿನಲ್ಲೂ ಇದೇ ಕಷ್ಟವಿತ್ತು: ಹದಮಳೆ ಎಲ್ಲರ ಗದ್ದೆಗೂ ಒಂದೇ ದಿನ ಬೀಳುತ್ತದೆ. ಅಲ್ಲಿ ಕೈಗಡ ನಡೆಯದು. ಮೂವರೂ ಒಂದೇ ಜೀಪಿನಲ್ಲಿ ಜಿಲ್ಲಾ ಕಚೇರಿಗೆ ಹೋಗಿ, ಬಾಕಿಯ ಪಟ್ಟಿಯನ್ನು ಒಂದೇ ಕಾಗದದಲ್ಲಿ ಇಟ್ಟು ಕೂರುವುದಷ್ಟೇ ಉಳಿಯಿತು. ಒಬ್ಬರೇ ಹೋದಾಗ ಹೊರಗಿನ ಬೆಂಚು ಸಿಗುತ್ತಿತ್ತು, ಮೂವರು ಹೋದಾಗ ಒಳಗೆ ಕುರ್ಚಿ ಸಿಕ್ಕಿತು.

ಮುಯ್ಯಾಳಿನ ಲೆಕ್ಕ ಮನಸ್ಸಿನಲ್ಲೇ ಇರುತ್ತಿತ್ತು. ನಾವು ನೂರು ಪುಟದ ನೋಟುಬುಕ್ಕು ಇಟ್ಟೆವು: ಕೊಟ್ಟದ್ದು ಎಡಕ್ಕೆ, ಬಂದದ್ದು ಬಲಕ್ಕೆ. ನಾನು ಕೆಲಸ ಬಿಟ್ಟ ದಿನ ಕೊನೆಯ ಸಾಲಿನ ಎಡಕ್ಕೆ ನಾಲ್ಕು ಆಮ್ಲಜನಕ ಸಿಲಿಂಡರ್ ಇದ್ದವು, ಬಲಕ್ಕೆ ಮೂರು. ಆ ಒಂದರ ಬಗ್ಗೆ ಹೊಸ ಲೆಕ್ಕಿಗ ಈಗಲೂ ನನಗೆ ಫೋನು ಮಾಡುತ್ತಾನೆ.